ಬೇಗಾರಿನ ಮಳೆಯನ್ನು ಒಂದೇ ಗುಂಡಿಯಲ್ಲಿ ಮುಗಿಸಿದವರಿಗೆ

ಕೊಪ್ಪ, ಜುಲೈ ೨೦೦೬

ಮಾನ್ಯ ‘ಶೀಘ್ರ’ ತಂತ್ರಾಂಶದವರೇ,

ಕೊಪ್ಪ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಎರಡು ಕಂಪ್ಯೂಟರ್ ಇಟ್ಟುಕೊಂಡು ಪ್ರೋಗ್ರಾಂ ಬರೆದು ಬದುಕುವ ಧರ್ಮೇಶ್ ಎಂಬ ಅಲ್ಪನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮಗೆ ಪಾದಗಳಿವೆಯೋ ಇಲ್ಲವೋ ತಿಳಿಯದ ಕಾರಣ ಪಾದಾಭಿವಂದನೆಯನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಒಂದೊಂದೇ ಆಜ್ಞೆಯನ್ನು ಟೈಪ್ ಮಾಡುತ್ತ ಆಯುಷ್ಯ ಕಳೆಯುವ ನಮ್ಮಂಥವರ ಉದ್ಧಾರಕ್ಕಾಗಿ ತಾವು ಅವತರಿಸಿದ್ದೀರೆಂದು ಓದಿ, ಎರಡು ಮಧ್ಯಾಹ್ನ ಟೆಲಿಫೋನ್ ಲೈನ್ ಹಿಡಿದು ಇಂಟರ್ನೆಟ್ಟಿನಿಂದ ತಮ್ಮನ್ನು ಇಳಿಸಿಕೊಂಡೆ. ಒಂದು ಗುಂಡಿ ಒತ್ತಿದರೆ ಹಿಂದಿನ ಆಜ್ಞೆ ಮತ್ತೆ ನಡೆಯುತ್ತದೆ, ‘ನಿಜಕ್ಕೂ ಮಾಡಲೇ’ ಎಂದು ಕಂಪ್ಯೂಟರ್ ಕೇಳಿದರೆ ನಮ್ಮ ಪರವಾಗಿ ತಾವೇ ಹೂಂ ಅನ್ನುತ್ತೀರಿ. ನನ್ನ ಜೊತೆ ಕೆಲಸ ಮಾಡುವ ಭಂಡಿಗಡಿಯ ಸರೋಜ ಹಿಂದೆ ಟೈಪಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದವಳು. “ಇದೆಲ್ಲ ಎಂತಕ್ಕೆ ಸರ್, ನಂಗೆ ಟೈಪಿಂಗ್ ಬರುತ್ತಲ್ಲ” ಎಂದಳು. ಅಭಿವೃದ್ಧಿ ಬೇಡವೇ ಎಂದು ನಾನೇ ಗದರಿದೆ.

ಆಗ ಅವಳು ಬೇಗಾರಿನ ವೆಂಕಟಯ್ಯನವರ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಆ ಹಿರಿಯರು ಮೂವತ್ತೊಂದು ವರ್ಷ ದಿನವೂ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆಯುವ ಡಬ್ಬಿ ನೋಡಿ ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟ್ಸ್ ಬರೆದಿಟ್ಟವರು. ಜ್ವರ ಬಂದರೂ ಬಿಟ್ಟವರಲ್ಲ. ಒಂದೊಂದು ಪುಸ್ತಕ ಮುಗಿದಂತೆ ಅದನ್ನು ಮನೆಗೆ ಒಯ್ದು, “ಕಂಪ್ಯೂಟರಿಗೆ ಹತ್ತಿತಲ್ಲ ಮಾರಾಯ, ಇನ್ನು ಇದ್ಯಾಕೆ” ಎಂದು ಬಚ್ಚಲ ಒಲೆಗೆ ಹಾಕುತ್ತಿದ್ದರು. ನಾನು ಬೇಡ ಎನ್ನಲಿಲ್ಲ, ನಕ್ಕೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ಸುದ್ದಿಯಲ್ಲ. ಯುಪಿಎಸ್ ಕೂಗತೊಡಗಿದ ಕೂಡಲೇ, ಅದು ಮೂರು ನಿಮಿಷವೂ ನಿಲ್ಲದೆಂದು ಗೊತ್ತಿರುವುದರಿಂದ, ಪರದೆ ನೋಡದೆ ಗುಂಡಿ ಒತ್ತಿ ಕೆಲಸ ಉಳಿಸಿಕೊಳ್ಳುವುದು ಕೊಪ್ಪದ ಬೆರಳುಗಳಿಗೆ ಅಂಟಿದ ಅಭ್ಯಾಸ. ಸರೋಜಳ ಹಿಂದಿನ ಆಜ್ಞೆ ಯಾವಾಗಲೂ ನಕಲು ತೆಗೆಯುವುದೇ ಆಗಿರುತ್ತಿತ್ತು. ಆದರೆ ಹಿಂದಿನ ಸಂಜೆ ಅವಳ ಜಾಗದಲ್ಲಿ ಕುಳಿತು, ಪ್ರಯೋಗಕ್ಕೆ ಮಾಡಿದ್ದ ಹಾಳುಮೂಳು ಫೋಲ್ಡರನ್ನು ‘ಇಲ್ಲಿರುವುದೆಲ್ಲ ಅಳಿಸು’ ಎಂಬ ಆಜ್ಞೆಯಿಂದ ಖಾಲಿ ಮಾಡಿ ಎದ್ದವನು ನಾನು. ಬೆಳಿಗ್ಗೆ ಅವಳು ಮಳೆಯ ಫೋಲ್ಡರಿನಲ್ಲಿದ್ದಾಗ ಯುಪಿಎಸ್ ಕೂಗಿತು, ಅವಳು ತಮ್ಮ ಗುಂಡಿ ಒತ್ತಿದಳು, ನನ್ನ ಆ ಆಜ್ಞೆಯೇ ಮತ್ತೆ ಎದ್ದಿತು, ತಾವು ಹೂಂ ಅಂದಿರಿ, ಮಳೆಯೆಲ್ಲ ಅಳಿಸಿಹೋಯಿತು. ಮೂಲವೂ ನಕಲೂ ಒಂದೇ ಫೋಲ್ಡರಿನಲ್ಲಿದ್ದವು. ಹಾಗೆ ಇಟ್ಟ ಜಾಣನೂ ನಾನೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಮ್ಮೂರಿನಲ್ಲಿ ಬೇಕಾದಷ್ಟು ಕಂಡಿದ್ದೇನೆ, ಕರು ಸಮೇತ ಕಟ್ಟಿ ಮುಗಿಸಿದವರು ತಾವೊಬ್ಬರೇ.

ಎರಡು ತಿಂಗಳಲ್ಲಿ ತಾವು ನಮಗೆ ಉಳಿಸಿಕೊಟ್ಟ ಸಮಯವನ್ನು ಸರೋಜ ಲೆಕ್ಕ ಹಾಕಿದ್ದಾಳೆ. ಒಟ್ಟು ಐವತ್ತು ನಿಮಿಷ. ಅದನ್ನು ಬಡ್ಡಿ ಸಮೇತ ಹಿಂದಿರುಗಿಸಲು ಸಿದ್ಧರಿದ್ದೇವೆ. ಬದಲಿಗೆ ಮೂವತ್ತೊಂದು ಮಳೆಗಾಲಗಳನ್ನು ತಾವು ಬೇಗಾರಿನ ಮೇಲೆ ಮೊದಲಿನ ಕ್ರಮದಲ್ಲೇ ಇನ್ನೊಮ್ಮೆ ಸುರಿಸಿಕೊಡಬೇಕು. ತಮ್ಮ ವೇಗಕ್ಕೆ ಒಂದು ವಾರ ಸಾಕಾದೀತು. ಗದ್ದೆ ಬೇಸಾಯದವರಿಗೆ ಮುಂಚಿತವಾಗಿ ತಿಳಿಸಿದರೆ ಉಪಕಾರ.

ತಮ್ಮ ಗುಂಡಿಯನ್ನು ಕೀಲಿಮಣೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡಿರುವ,
ತಮ್ಮ ವಿಶ್ವಾಸಿ,
ಧರ್ಮೇಶ್

ತಾ.ಕ.: ನಿನ್ನೆ ವೆಂಕಟಯ್ಯನವರಿಗೆ ವಿಷಯ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದೆ. ಸರೋಜ ಅಳುತ್ತ ಹೊಸ ನೋಟ್‌ಬುಕ್ ಒಂದನ್ನು ಮುಂದೆ ಹಿಡಿದಾಗ, “ನಂಗೀಗ ಎಪ್ಪತ್ತೆಂಟು ಕೂಸೇ, ಇನ್ನೊಂದು ಮೂವತ್ತೊಂದು ವರ್ಷ ಅಳೆಯೋಕಾಗುತ್ತಾ” ಎಂದು ಅದನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೋದರು. ತಮಗೆ ವಯಸ್ಸಾಗುವುದಿಲ್ಲವಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಬೇಗಾರಿನ ಅವರ ಅಂಗಳಕ್ಕೆ ಬನ್ನಿ, ನೋಟ್‌ಬುಕ್ ತಂದುಕೊಡುತ್ತೇನೆ.