ನುಣುಪಾದ ಕರುಳು

ಬೆಳಗಿನ ತಟ್ಟೆಯಲ್ಲಿದ್ದ ಬ್ರೆಡ್ಡಿನ ಚೂರನ್ನು ಸ್ಟೋರ್ ಗುಮಾಸ್ತ ಬೆರಳ ತುದಿಯಿಂದ ಪಕ್ಕಕ್ಕೆ ತಳ್ಳಿದ. ಆ ದಿನ ಅವನು ತೋರಿಸಿದ ಧೈರ್ಯ ಅಷ್ಟೇ. ಮಿಕ್ಕ ಹೊತ್ತೆಲ್ಲ ಅದಕ್ಕೆ ದಂಡ ಕಟ್ಟುವುದರಲ್ಲೇ ಹೋಯಿತು.

ನೀರು ಸರಬರಾಜು ಕಚೇರಿಯ ಸ್ಟೋರಿನಲ್ಲಿ ಪೈಪು, ವಾಲ್ವು, ನಲ್ಲಿಗಳನ್ನು ಎತ್ತಿ, ಇಳಿಸಿ, ಎಣಿಸಿ, ಎಣಿಕೆ ತಪ್ಪಿದ್ದಕ್ಕೆ ಮತ್ತೆ ಎತ್ತಿ ಇಳಿಸುವುದು ಅವನ ಕೆಲಸ. ಆಳು ಮಾತ್ರ ಎಷ್ಟು ತೆಳ್ಳಗಿದ್ದನೆಂದರೆ, ಅವನ ಶರ್ಟು ಹ್ಯಾಂಗರಿನ ಮೇಲಿದ್ದಾಗಲೇ ಸ್ವಲ್ಪ ತುಂಬಿಕೊಂಡ ಹಾಗೆ ಕಾಣುತ್ತಿತ್ತು. ತಿನ್ನುತ್ತಿರಲಿಲ್ಲವೇ ಎಂದರೆ ಇಬ್ಬರ ಊಟ ತಿನ್ನುತ್ತಿದ್ದ. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದು ಮನೆಯಲ್ಲೂ ಕಚೇರಿಯಲ್ಲೂ ಬಹುಕಾಲದ ಚರ್ಚೆಯ ವಿಷಯ. ಹೊಟ್ಟೆ ಉಬ್ಬರ, ಸುಸ್ತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಅತ್ತೆ ಅದನ್ನು ಅಳಿಯನ ಕೊರಗು ಎನ್ನುತ್ತಿದ್ದರು, ಹೆಂಡತಿ ನಾಟಕ ಎನ್ನುತ್ತಿದ್ದಳು. ಕಚೇರಿಯವರು ಅಷ್ಟೆಲ್ಲ ಯೋಚನೆ ಮಾಡುವವರಲ್ಲ. ಸೋಮಾರಿ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಹಿಂದಿನ ಸಂಜೆ ಮನೆಯ ಹತ್ತಿರದ ಡಾಕ್ಟರು ರಕ್ತದ ವರದಿ ನೋಡಿ, ಇದು ಸೀಲಿಯಾಕ್ ಕಾಯಿಲೆ ಇದ್ದ ಹಾಗಿದೆ, ನಾಳೆ ಸಂಜೆಯೇ ದೊಡ್ಡಾಸ್ಪತ್ರೆಯ ಹೊಟ್ಟೆಯ ತಜ್ಞರನ್ನು ಕಾಣಿ ಎಂದಿದ್ದರು. ಅವರು ವಿವರಿಸಿದ್ದು ಹೀಗೆ. ಸಣ್ಣ ಕರುಳಿನ ಒಳಗೋಡೆ ಹೊಸ ಟವೆಲ್ಲಿನ ಹಾಗೆ. ಅದರ ತುಂಬ ಸಣ್ಣ ಸಣ್ಣ ಎಳೆಗಳು. ಆಹಾರದ ಸಾರವನ್ನು ಹೀರಿ ರಕ್ತಕ್ಕೆ ದಾಟಿಸುವುದು ಆ ಎಳೆಗಳೇ. ಕೆಲವರ ಮೈಗೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಕಂಡರೆ ಆಗುವುದಿಲ್ಲ. ಅಂಟು ಬಂದ ತಕ್ಷಣ ಶತ್ರು ಬಂದನೆಂದು ಮೈಯ ಕಾವಲುಗಾರರು ಎದ್ದುನಿಂತು, ಶತ್ರುವನ್ನು ಬಿಟ್ಟು ಮನೆಯ ಗೋಡೆಗೇ ಬಾರಿಸುತ್ತಾರೆ. ಎಳೆಗಳು ಸವೆದು ಟವೆಲ್ಲು ಲಾಡ್ಜಿನ ಟವೆಲ್ಲಾಗುತ್ತದೆ. ಆಮೇಲೆ ಎಷ್ಟು ತಿಂದರೂ ಕಬ್ಬಿಣ, ಸುಣ್ಣದಂಶ, ಜೀವಸತ್ವಗಳೆಲ್ಲ ಕರುಳನ್ನು ಒಂದು ಸುತ್ತು ನೋಡಿಕೊಂಡು ಹೊರಗೆ ಹೋಗಿಬಿಡುತ್ತವೆ.

ಬೇರೆಯವರಾಗಿದ್ದರೆ ಹೆದರುತ್ತಿದ್ದರು. ಗುಮಾಸ್ತನಿಗೆ ಖುಷಿಯಾಯಿತು. ಇಷ್ಟು ವರ್ಷ ಅವನಿಗಿದ್ದದ್ದು ಬರೀ ದೂರು, ಈಗ ಕಾಯಿಲೆ ಬಂದಿತ್ತು. ಅದಕ್ಕೆ ಹೆಸರೂ ಇತ್ತು.

"ಹೆಸರೇನೋ ಚೆನ್ನಾಗಿದೆ ಕಣ್ರೀ," ಎಂದಳು ಹೆಂಡತಿ, ಮಗಳ ಒಂದು ಕಾಲಿನ ಸಾಕ್ಸ್ ಹುಡುಕುತ್ತ. "ಸೋಮಾರಿತನಕ್ಕೆ ವಿದೇಶದಲ್ಲಿ ಇಂಥ ಹೆಸರಿಡ್ತಾರೆ ಅಂತ ಗೊತ್ತಿರಲಿಲ್ಲ."

ಅವನ ಖುಷಿಗೆ ಇನ್ನೊಂದು ಕಾರಣವಿತ್ತು. ಕಚೇರಿಯ ಮಹಡಿಯಲ್ಲಿ ದೂರು ಸ್ವೀಕರಿಸುವ ಕುರ್ಚಿ ಖಾಲಿಯಾಗಿತ್ತು. ಮೇಲೆ ಫ್ಯಾನು, ಪಕ್ಕದಲ್ಲಿ ಕಿಟಕಿ. ಅಲ್ಲಿ ಕೂತವನು ಎತ್ತಬೇಕಾದ ಒಂದೇ ವಸ್ತು ಟೆಲಿಫೋನು. ಅದನ್ನೂ ಎತ್ತಲೇಬೇಕು ಎಂಬ ಸಂಪ್ರದಾಯವೇನೂ ಆ ಕಚೇರಿಯಲ್ಲಿರಲಿಲ್ಲ. ಆ ಕುರ್ಚಿಯ ಮೇಲೆ ಗುಮಾಸ್ತನಿಗಿಂತ ಮೊದಲೇ ಮೀಟರ್ ರೀಡರ್ ಕಣ್ಣು ಹಾಕಿದ್ದ. ಯಾರಿಗೆಂದು ಇಂಜಿನಿಯರ್ ಸಾಹೇಬರು ಅಂದು ಸಂಜೆಯೊಳಗೆ ಹೇಳುವವರಿದ್ದರು. ಕಾಯಿಲೆ ಇಷ್ಟು ಸರಿಯಾದ ಹೊತ್ತಿಗೆ ಯಾರಿಗೂ ಬಂದಿರಲಿಕ್ಕಿಲ್ಲ.

ಬ್ರೆಡ್ಡನ್ನು ತಳ್ಳಿದ ಸದ್ದು ಪಕ್ಕದ ಮನೆಗೂ ಕೇಳಿಸಿತೇನೋ, ಅರ್ಧ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಔಷಧಿ ಅಂಗಡಿಯ ಗಲ್ಲಾದ ಹಿಂದೆ ಬದುಕು ಸವೆಸಿ ನಿವೃತ್ತರಾದ ಅವರಿಗೆ ಬೀದಿಯವರೆಲ್ಲ ಸೇರಿ ಕೊಟ್ಟ ಪದವಿ ಅದು. ವಿಷಯ ತಿಳಿದದ್ದೇ ಅವರು ನೇರ ಅಡಿಗೆಮನೆಗೆ ನುಗ್ಗಿದರು. ಬ್ರೆಡ್ಡು ಹೋಯಿತು, ಬಿಸ್ಕತ್ತು ಹೋಯಿತು, ನೂಡಲ್ಸು ಹೋಯಿತು. ಹಿಟ್ಟಿನ ಡಬ್ಬ ಡಬ್ಬದ ಸಮೇತ ಹೋಯಿತು. ಬಾಳೆಹಣ್ಣನ್ನೂ ಅವರು ಬಿಡಲಿಲ್ಲ. ಅದರಲ್ಲಿ ಗೋಧಿ ಇಲ್ಲವಲ್ಲ ಎಂದು ಹೆಂಡತಿ ಕೇಳಿದ್ದಕ್ಕೆ, ಇಲ್ಲ ಎಂದು ನಾವು ತಿಳಿದಿದ್ದೇವೆ ಎಂದು ಗಂಭೀರವಾಗಿ ಉತ್ತರಿಸಿದರು. ಇಷ್ಟೂ ವಿಷವನ್ನು ತಾವೇ ಹುಷಾರಾಗಿ ವಿಲೇವಾರಿ ಮಾಡುವುದಾಗಿ ಹೇಳಿ ಎರಡು ಚೀಲ ತುಂಬಿಕೊಂಡು ಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಆ ಮನೆಯಿಂದ ಬ್ರೆಡ್ಡು ಬೆಣ್ಣೆಯಲ್ಲಿ ಕೆಂಪಗಾಗುವ ವಾಸನೆ ಬಂತು. ವಿಲೇವಾರಿ ಶುರುವಾಗಿತ್ತು.

ಗುಮಾಸ್ತ ಖಾಲಿ ಹೊಟ್ಟೆಯಲ್ಲಿ, ಅನ್ನ ಮತ್ತು ಪಲ್ಯದ ಡಬ್ಬಿ ಹಿಡಿದು, ಎದೆಯುಬ್ಬಿಸಿಕೊಂಡು ಕಚೇರಿಗೆ ನಡೆದ. ಉಬ್ಬಿಸಲು ಎದೆ ಇದ್ದಷ್ಟು ಮಟ್ಟಿಗೆ.

ಇಂಜಿನಿಯರ್ ಸಾಹೇಬರು ಪೈಪಿನ ಮನುಷ್ಯ. ಮನುಷ್ಯರ ಬಗ್ಗೆ ಅವರಿಗೆ ಅಷ್ಟಾಗಿ ಆಸಕ್ತಿ ಇರಲಿಲ್ಲ. ಮನುಷ್ಯರು ಸೋರಿದಾಗ ಮಾತ್ರ ಅವರ ಗಮನಕ್ಕೆ ಬರುತ್ತಿದ್ದರು. ಗುಮಾಸ್ತ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದ. ಟೈಪಿಸ್ಟ್ ಅಕ್ಕ ಟೈಪು ಮಾಡುವುದನ್ನು ನಿಲ್ಲಿಸಿ ಕೇಳಿದಳು. ಮೀಟರ್ ರೀಡರ್ ಬಾಗಿಲಿಗೆ ಒರಗಿ ಕೇಳಿದ.

"ಒಳಗೋಡೆ ನುಣುಪಾಗಿಬಿಟ್ಟಿದೆ ಅಂದ್ರಾ?" ಎಂದರು ಸಾಹೇಬರು.

"ಹೌದು ಸಾರ್. ಎಳೆಗಳೆಲ್ಲ ಸವೆದುಹೋಗಿರಬೇಕು ಅಂತಾರೆ."

"ಮತ್ತೆ ಕಾಯಿಲೆ ಏನು? ಒಳಗಡೆ ನುಣುಪಾಗಿರೋ ಪೈಪಿಗೋಸ್ಕರ ನಾವು ಟೆಂಡರ್ ಕರೆದು ಸಾಯ್ತೀವಿ. ನಿಮಗೆ ಪುಕ್ಕಟೆ ಸಿಕ್ಕಿದೆ."

"ಫ್ಲೋ ಚೆನ್ನಾಗೇ ಇದೆ ಸಾರ್," ಎಂದ ಮೀಟರ್ ರೀಡರ್. "ದಿನಕ್ಕೆ ಎಷ್ಟು ಸಲ ಹೋಗಿ ಬರ್ತಾರೆ ಅಂತ ನಾನೇ ನೋಡಿದೀನಲ್ಲ."

ಟೈಪಿಸ್ಟ್ ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದಳು. ಕುರ್ಚಿ ತನ್ನ ಕಾಲುಗಳ ಮೇಲೆ ತಾನೇ ಎದ್ದು ಮೀಟರ್ ರೀಡರನ ಕಡೆಗೆ ನಡೆದುಹೋಗುತ್ತಿರುವ ಹಾಗೆ ಗುಮಾಸ್ತನಿಗೆ ಕಾಣಿಸಿತು. ಆಗ ಅವನಿಗೆ ಬುದ್ಧಿ ಬಂತು. ಇಷ್ಟು ಹೊತ್ತೂ ತಾನು ಟವೆಲ್ಲಿನ ಭಾಷೆಯಲ್ಲಿ ಮಾತಾಡುತ್ತಿದ್ದೇನೆ, ಇದು ಟವೆಲ್ಲಿನ ಕಚೇರಿಯಲ್ಲ.

"ಸಾರ್, ಒಂದು ಮೇನ್ ಲೈನ್ ಅಂದ್ಕೊಳ್ಳಿ," ಎಂದ. "ಅದಕ್ಕೆ ಸಾವಿರಾರು ಮನೆ ಕನೆಕ್ಷನ್. ಯಾರೋ ಬಂದು ಅಷ್ಟೂ ಕನೆಕ್ಷನ್ ಕತ್ತರಿಸಿ, ಮುಚ್ಚಿ, ಪೈಪಿನ ಮೈ ನಯ ಮಾಡಿ ಹೋಗಿದಾರೆ. ಟ್ಯಾಂಕ್ ತುಂಬಿದೆ, ಪ್ರೆಷರ್ ಇದೆ, ನೀರು ಓಡ್ತಾನೂ ಇದೆ. ಆದರೆ ಒಂದು ಮನೆಗೂ ಹನಿ ಇಲ್ಲ. ಎಲ್ಲ ನೇರ ಚರಂಡಿಗೆ."

ಸಾಹೇಬರು ಕನ್ನಡಕ ತೆಗೆದರು. ಅರ್ಧ ಊರಿಗೆ ವಾರಗಟ್ಟಲೆ ನೀರಿಲ್ಲದಾಗಲೂ ಒದ್ದೆಯಾಗದಿದ್ದ ಕಣ್ಣುಗಳು ಅವು.

"ಎಲ್ಲ ಚರಂಡಿಗಾ?" ಎಂದರು ಮೆಲ್ಲಗೆ. "ಕತ್ತರಿಸಿದ್ದು ಯಾರು?"

"ನಮ್ಮವರೇ ಸಾರ್. ಕಾವಲಿಗೆ ಇಟ್ಟ ಸಿಬ್ಬಂದಿನೇ. ಗೋಧಿ ಬಂತು ಅಂದ್ರೆ ಗಾಬರಿಬಿದ್ದು ಸ್ವಂತ ಲೈನ್ ಒಡೆದುಹಾಕ್ತಾರೆ."

ಇದನ್ನು ಆ ಇಲಾಖೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಲ್ಲಿಂದ ಮುಂದೆ ಗುಮಾಸ್ತನ ಕಷ್ಟ ಕರುಣೆಯ ರೂಪದಲ್ಲಿ ಬಂತು. ಇಂಥ ಲೈನಿನ ಮನುಷ್ಯ ವಾಲ್ವು ಎತ್ತಬಾರದು, ನಾಳೆಯಿಂದ ಮಹಡಿಯ ಕುರ್ಚಿ ನಿಮ್ಮದು ಎಂದು ಸಾಹೇಬರು ಎಲ್ಲರೆದುರೇ ಘೋಷಿಸಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಅವರ ಹೆಸರು ಹೇಳಿ ದೀಪ ಹಚ್ಚಬಹುದಿತ್ತು. ಆದರೆ ಒಳ್ಳೆಯತನ ಅಪರೂಪಕ್ಕೆ ಬಂದಾಗ ಒಂದೇ ಸಲಕ್ಕೆ ಬಂದುಬಿಡುತ್ತದೆ. ಗೋಧಿಯ ಒಂದು ಪುಡಿಯೂ ಈ ಮನುಷ್ಯನ ಹತ್ತಿರ ಸುಳಿಯಬಾರದು ಎಂದು ಕಚೇರಿಗೇ ಅಪ್ಪಣೆಯಾಯಿತು. ಮಧ್ಯಾಹ್ನದ ಚಹಾದ ಜೊತೆ ಬರುವ ಬಿಸ್ಕತ್ತು ಎಲ್ಲರಿಗೂ ರದ್ದಾಯಿತು. ಆ ಬಿಸ್ಕತ್ತಿಗಾಗಿಯೇ ಕೆಲವರು ಮಧ್ಯಾಹ್ನದ ನಂತರವೂ ಕಚೇರಿಯಲ್ಲಿ ಉಳಿಯುತ್ತಿದ್ದರು. ಅವರು ಗುಮಾಸ್ತನನ್ನು ನೋಡಿದ ನೋಟಕ್ಕೆ ಬೇರೆ ಯಾರ ಕರುಳಾದರೂ ಎಳೆ ಕಳೆದುಕೊಳ್ಳುತ್ತಿತ್ತು.

ಊಟದ ಹೊತ್ತಿಗೆ ಅವನು ಡಬ್ಬಿ ತೆಗೆದ. ಟೈಪಿಸ್ಟ್ ಅಕ್ಕ ಪ್ರೀತಿಯಿಂದ ತನ್ನ ಚಮಚದಲ್ಲೇ ಪಲ್ಯವನ್ನು ಅನ್ನಕ್ಕೆ ಕಲಸಿಕೊಟ್ಟಳು. ಕಲಸಿ ಮುಗಿಸಿದ ಮೇಲೆ, ಆಗಷ್ಟೇ ತಾನು ಅದೇ ಚಮಚದಲ್ಲಿ ನೂಡಲ್ಸು ತಿಂದದ್ದು ಅವಳಿಗೆ ನೆನಪಾಯಿತು. ಸುದ್ದಿ ಸಾಹೇಬರಿಗೆ ಮುಟ್ಟಿತು. ಅವರು ಖುದ್ದಾಗಿ ಇಳಿದು ಬಂದು, ಕಲುಷಿತ ನೀರಿನ ಮಾದರಿ ಹಿಡಿದ ಹಾಗೆ ಡಬ್ಬಿಯನ್ನು ದೂರದಲ್ಲಿ ಹಿಡಿದುಕೊಂಡು ಹೋಗಿ ಕಸದ ಬುಟ್ಟಿಗೆ ಸುರಿದರು. ಬೇರೇನಾದರೂ ತಂದು ತಿನ್ನುತ್ತೇನೆಂದು ಗುಮಾಸ್ತ ಗೇಟಿಗೆ ಹೋದರೆ, ಹೊರಗಿನದರಲ್ಲಿ ಏನೇನು ಬೆರೆಸಿರುತ್ತಾರೋ ಎಂದು ಕಾವಲುಗಾರ ಸಾಹೇಬರ ಅಪ್ಪಣೆಯ ಮೇರೆಗೆ ಅವನನ್ನು ಹಿಂದಕ್ಕೆ ಕಳಿಸಿದ.

ಮೀಟರ್ ರೀಡರ್ ಇನ್ನೂ ಸೋತಿರಲಿಲ್ಲ. ಚಹಾದ ಹೊತ್ತಿಗೆ ಅವನು ಸ್ಟೋರಿಗೆ ಬಂದು, ಸುತ್ತ ನೋಡಿ, ಕರವಸ್ತ್ರದಲ್ಲಿ ಸುತ್ತಿದ ಕೇಕಿನ ತುಂಡನ್ನು ಗುಮಾಸ್ತನ ಮೂಗಿನ ಕೆಳಗೆ ಹಿಡಿದ.

"ಯಾರೂ ನೋಡ್ತಿಲ್ಲ, ತಗೊಳ್ಳಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಪಾಪ."

ಗುಮಾಸ್ತನ ಹೊಟ್ಟೆ ಗೋಡೌನಿನಲ್ಲಿ ಪೈಪು ಉರುಳಿದ ಹಾಗೆ ಗುಡುಗಿತು. ಕಣ್ಣು ಮುಚ್ಚಿದ. ಕುರ್ಚಿ ಕಾಣಿಸಿತು, ಅದರ ಮೇಲಿನ ಫ್ಯಾನು ಕಾಣಿಸಿತು. ಕೇಕನ್ನು ಪಕ್ಕಕ್ಕೆ ತಳ್ಳಿ, "ನನ್ನ ಮೈಗೆ ಅದು ವಿಷ," ಎಂದ. ಮೀಟರ್ ರೀಡರನ ಸಾಕ್ಷಿಯಾಗಿ ವಾಲ್ವಿನ ರಾಶಿಯ ಹಿಂದೆ ಅವಿತು ನೋಡುತ್ತಿದ್ದ ಟೈಪಿಸ್ಟ್ ಅಕ್ಕ ಇದನ್ನು ಮಹಡಿಗೆ ಹೋಗಿ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ಬಿಸ್ಕತ್ತು ಕಳೆದುಕೊಂಡವರೂ ಒಂದು ಗಳಿಗೆ ತಲೆ ತಗ್ಗಿಸಿದರಂತೆ. ಬದುಕಿನಲ್ಲಿ ಮೊದಲ ಸಲ ಗುಮಾಸ್ತನ ಮಾತನ್ನು ಜನ ನಂಬಿದರು. ಹಸಿವಿಗೆ ತಲೆ ತಿರುಗುತ್ತಿದ್ದುದರಿಂದ ಅವನಿಗೆ ಅದು ಸರಿಯಾಗಿ ಅನುಭವಕ್ಕೆ ಬರಲಿಲ್ಲ.

ಸಂಜೆ ದೊಡ್ಡಾಸ್ಪತ್ರೆಯಲ್ಲಿ ತಜ್ಞೆ ವರದಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು. ರಕ್ತ ಕಡಿಮೆಯಿದೆ, ಮೂಳೆಗೂ ಸುಣ್ಣದಂಶ ಸಾಲುತ್ತಿಲ್ಲ, ಅನುಮಾನ ಬಲವಾಗಿಯೇ ಇದೆ ಎಂದರು. ಗುಮಾಸ್ತ ಹೆಮ್ಮೆಯಿಂದ, ಬೆಳಿಗ್ಗೆಯಿಂದ ಗೋಧಿ ಮುಟ್ಟಿಲ್ಲ ಎಂದ.

"ಯಾರು ಹೇಳಿದ್ದು ಬಿಡೋಕೆ?" ಎಂದು ತಜ್ಞೆ ಪೆನ್ನು ಕೆಳಗಿಟ್ಟರು.

ಬಾಯಿಯ ಮೂಲಕ ನಳಿಕೆ ಇಳಿಸಿ, ಕರುಳಿನ ಒಂದು ಚೂರು ತೆಗೆದು ನೋಡಿದ ಮೇಲೆಯೇ ಕಾಯಿಲೆ ಖಚಿತ. ನಳಿಕೆಗೆ ಸರದಿ ಇದೆ, ಒಂದೂವರೆ ತಿಂಗಳಾದರೂ ಕಾಯಬೇಕು. ಅಷ್ಟರಲ್ಲಿ ಗೋಧಿ ಬಿಟ್ಟರೆ ಸವೆದ ಎಳೆಗಳು ಮತ್ತೆ ಚಿಗುರಲು ಶುರುಮಾಡುತ್ತವೆ. ಆಗ ಚೂರು ತೆಗೆದು ನೋಡಿದರೆ ಏನೂ ಆಗಿಲ್ಲ ಎಂದು ಬರಬಹುದು.

"ಕಳ್ಳ ಸಿಕ್ಕಿಬೀಳೋವರೆಗೂ ಕಳ್ಳತನ ನಡೀತಿರಬೇಕು ಕಣ್ರೀ," ಎಂದರು. "ಇವತ್ತು ಒಂದು ದಿನ ಬಿಟ್ಟಿದ್ದಕ್ಕೆ ತೊಂದರೆಯಿಲ್ಲ. ಇವತ್ತು ರಾತ್ರಿಯಿಂದಲೇ ತಿನ್ನಿ. ದಿನಾ ತಿನ್ನಬೇಕು. ಪರೀಕ್ಷೆ ಆದಮೇಲೆ ಜನ್ಮದಲ್ಲೇ ಮುಟ್ಟೋ ಹಾಗಿಲ್ಲ ಅಂತ ನಾನೇ ಹೇಳ್ತೀನಿ."

ಹಾಗಿದ್ದರೆ ಕಾಯಿಲೆ ಇದೆ ಎಂದು ಕಚೇರಿಗೆ ಒಂದು ಚೀಟಿಯಾದರೂ ಕೊಡಿ ಎಂದು ಅವನು ಬೇಡಿಕೊಂಡ. ಖಚಿತವಾಗದೆ ಹೇಗೆ ಕೊಡುವುದು ಎಂದು ತಜ್ಞೆ ಮುಂದಿನವರನ್ನು ಕರೆದರು.

ಗುಮಾಸ್ತ ಹೊರಗೆ ಬಂದ. ಕುರ್ಚಿಯ ಚಿಂತೆ ಮಾಡಬೇಕಾದ ಹೊತ್ತು ಅದು. ಆದರೆ ಕಾರಿಡಾರಿನ ಕೊನೆಯಲ್ಲಿ ಆಸ್ಪತ್ರೆಯ ಕ್ಯಾಂಟೀನು ಇತ್ತು, ಗಾಜಿನ ಪೆಟ್ಟಿಗೆಯಲ್ಲಿ ಬನ್ನುಗಳು ಮಲಗಿದ ಮಕ್ಕಳ ಕೆನ್ನೆಯ ಹಾಗೆ ಉಬ್ಬಿಕೊಂಡಿದ್ದವು, ಮತ್ತು ಅವುಗಳನ್ನು ತಿನ್ನಲು ಅವನಿಗೆ ವೈದ್ಯಕೀಯ ಆಜ್ಞೆಯಿತ್ತು. ಮೊದಲ ಬನ್ನನ್ನು ಔಷಧಿಯೆಂದು ತಿಂದ. ಎರಡನೆಯದನ್ನು ಹಸಿವಿಗೆ ತಿಂದ. ಮೂರನೆಯದಕ್ಕೆ ಕೆನೆ ಹಾಕಿಸಿದ. ಅದಕ್ಕೆ ಕಾರಣ ಅವನೂ ಕೇಳಿಕೊಳ್ಳಲಿಲ್ಲ. ಬಾಯಿ ತುಂಬಿತ್ತು, ಕಣ್ಣು ಅರೆಮುಚ್ಚಿತ್ತು, ಮೂಗಿನ ತುದಿಯಲ್ಲಿ ಕೆನೆಯಿತ್ತು.

ಕಣ್ಣು ತೆರೆದಾಗ ಎದುರಿಗೆ ಇಂಜಿನಿಯರ್ ಸಾಹೇಬರು ನಿಂತಿದ್ದರು. ಅವರ ಕೈಯಲ್ಲಿ ಹೂಗುಚ್ಛ. ಹಿಂದೆ ಟೈಪಿಸ್ಟ್ ಅಕ್ಕ, ಮೀಟರ್ ರೀಡರ್, ಬಿಸ್ಕತ್ತು ಕಳೆದುಕೊಂಡ ಇಡೀ ವಿಭಾಗ. ಪಾಪ, ಒಬ್ಬಂಟಿಯಾಗಿ ದೊಡ್ಡಾಸ್ಪತ್ರೆಗೆ ಹೋಗಿದ್ದಾನೆ, ಧೈರ್ಯ ಹೇಳಿ ಬರೋಣ ಎಂದು ಸಾಹೇಬರೇ ಎಲ್ಲರನ್ನೂ ಕಚೇರಿಯ ಜೀಪಿನಲ್ಲಿ ತುಂಬಿಕೊಂಡು ಬಂದಿದ್ದರು. ಮಧ್ಯಾಹ್ನದಿಂದ ಬರಿ ಚಹಾ ಕುಡಿದವರ ಕಣ್ಣು ಮೂರನೇ ಬನ್ನಿನ ಮೇಲೆ ನೆಟ್ಟಿತ್ತು.

ಗುಮಾಸ್ತ ಹೇಳಲು ಹೋದ. ಬಾಯಿಂದ ಬಂದದ್ದು ಬನ್ನಿನ ಪುಡಿ ಮಾತ್ರ. ನುಂಗಿಕೊಂಡು, ನಳಿಕೆ, ಚೂರು, ಚಿಗುರು, ಕಳ್ಳ ಎಂದು ತೊದಲಿದ.

"ಇದು ಯಾವ ಕಳ್ಳತನ ಅಂತ ನಮಗೆ ಕಾಣ್ತಾ ಇದೆ ಬಿಡಿ," ಎಂದ ಮೀಟರ್ ರೀಡರ್.

ಆ ಹೊತ್ತಿಗೆ ತಜ್ಞೆ ಚೀಲ ಹೆಗಲಿಗೇರಿಸಿಕೊಂಡು ಕಾರಿಡಾರಿನಲ್ಲಿ ಅವಸರವಾಗಿ ಬರುತ್ತಿದ್ದರು. ಮುಳುಗುವವನಿಗೆ ದೋಣಿ ಕಂಡ ಹಾಗಾಯಿತು. ಗುಮಾಸ್ತ ಓಡಿಹೋಗಿ ಅವರಿಗೆ ಅಡ್ಡ ನಿಂತ.

"ಡಾಕ್ಟ್ರೇ, ಇವರಿಗೆ ಒಂದು ಮಾತು ಹೇಳಿ. ಗೋಧಿ ತಿನ್ನು ಅಂತ ನೀವೇ ಹೇಳಿದ್ದಲ್ವಾ?"

"ಹೌದ್ರೀ," ಎಂದರು ತಜ್ಞೆ ನಿಲ್ಲದೆಯೇ. "ದಿನಾ ತಿನ್ನಬೇಕು. ಯಾರು ಏನೇ ಹೇಳಿದರೂ ಬಿಡಬೇಡಿ." ಲಿಫ್ಟು ಬಂದಿತ್ತು, ಹತ್ತಿ ಹೋದರು.

ಸಾಹೇಬರು ಲಿಫ್ಟಿನ ಬಾಗಿಲು ಮುಚ್ಚುವವರೆಗೆ ನೋಡಿದರು. ಆಮೇಲೆ ಹೂಗುಚ್ಛವನ್ನು ಯೋಚಿಸುತ್ತ ಎಡಗೈಗೆ ಬದಲಾಯಿಸಿ, ಮೀಟರ್ ರೀಡರನ ಕೈಗೆ ಕೊಟ್ಟರು. ನಾಳೆ ಮಹಡಿಯ ಮೇಜಿನ ಮೇಲೆ ಇಟ್ಟುಕೋ, ಚೆನ್ನಾಗಿ ಕಾಣುತ್ತದೆ ಎಂದರು. ನಂತರ ಗುಮಾಸ್ತನ ಕಡೆ ತಿರುಗಿ, ಅವನ ಮೂಗಿನ ಮೇಲಿನ ಕೆನೆಯನ್ನು ನೋಡಿ ನಕ್ಕರು.

"ಲೈನ್ ಇಷ್ಟು ಬೇಗ ರಿಪೇರಿ ಆಗಿದ್ದು ನಮ್ಮ ಇಲಾಖೆಯಲ್ಲಿ ಇದೇ ಮೊದಲು. ಬಹಳ ಸಂತೋಷ. ನಾಳೆ ಬೆಳಿಗ್ಗೆ ಒಂದು ಲಾರಿ ವಾಲ್ವ್ ಬರ್ತಿದೆ. ಡಾಕ್ಟ್ರು ಹೇಳಿದ ಹಾಗೆ ಹೊಟ್ಟೆ ತುಂಬ ತಿಂದುಕೊಂಡು ಬನ್ನಿ, ಎತ್ತೋದಕ್ಕೆ ಶಕ್ತಿ ಬೇಕಲ್ಲ."