ಕುರಿ ಗೇಟಿನಿಂದ ಬಂದವಳು

ಸ್ಕಾರ್‌ತ್ವೇಟ್ ಗ್ರಾಮದ ಚರ್ಚಿನ ಸ್ಮಶಾನಕ್ಕೆ ಎರಡು ಗೇಟುಗಳಿವೆ. ಒಂದು ಮನುಷ್ಯರದು, ಇನ್ನೊಂದು ಕುರಿಗಳದು. ಮನುಷ್ಯರ ಗೇಟಿನಲ್ಲಿ ಕುರಿ ನುಗ್ಗಬಾರದು, ಕುರಿ ಗೇಟಿನಲ್ಲಿ ಮನುಷ್ಯರು ಹೋಗಬಾರದು ಎಂದು ಗ್ರಾಮ ಸಮಿತಿಯು ಸರ್ವಾನುಮತದಿಂದ ನಿಯಮ ಮಾಡಿದ್ದು, ಎರಡೂ ಕಡೆಯವರಿಂದ ಇದುವರೆಗೆ ಯಾವ ದೂರೂ ಬಂದಿರಲಿಲ್ಲ.

ಮನುಷ್ಯರ ಗೇಟು ಬಹಳ ಹಳೆಯದು. ಅರ್ಧಚಂದ್ರಾಕಾರದ ಬೇಲಿಯೊಳಗೆ ಒಂದು ಪುಟ್ಟ ಬಾಗಿಲು ತೂಗಾಡುತ್ತದೆ. ಒಳಗೆ ಹೋಗಿ ಮೂಲೆಯಲ್ಲಿ ನಿಂತು, ಹೊಟ್ಟೆ ಎಳೆದುಕೊಂಡು, ಬಾಗಿಲನ್ನು ಬಂದ ಬದಿಗೆ ತಳ್ಳಿ ಇನ್ನೊಂದು ಬದಿಯಿಂದ ಹೊರಬೀಳಬೇಕು. ಕುರಿಗೆ ಇದು ತಿಳಿಯುವುದಿಲ್ಲ. ಗಾಲಿಕುರ್ಚಿಗೂ ತಿಳಿಯುವುದಿಲ್ಲ. ಕುರಿ ಗೇಟು ಮಾತ್ರ ಗಾಡಿ ಹೋಗುವಷ್ಟು ಅಗಲ. ಮೆಟ್ಟಿಲಿಲ್ಲ, ಹೊಸಿಲಿಲ್ಲ, ಮಳೆಯಲ್ಲಿ ಗೊರಸು ಜಾರದಿರಲಿ ಎಂದು ಜಲ್ಲಿ ಹಾಕಿ ಗಟ್ಟಿ ಮಾಡಿದ ದಾರಿ. ಸಮಾಧಿಗಳ ನಡುವಿನ ಹುಲ್ಲನ್ನು ಕುರಿಗಳೇ ಮೇಯುತ್ತವೆ. ಕುರಿ ತಲೆಗೆ ಇಷ್ಟು ಎಂದು ಮೇಲಿನಿಂದ ಅನುದಾನ ಬರುತ್ತದೆ.

ಈ ವ್ಯವಸ್ಥೆ ಸುಗಮವಾಗಿ ನಡೆಯುತ್ತಿರುವಾಗ, ಒಂದು ಸೋಮವಾರ ಬೆಳಿಗ್ಗೆ, ಹಡರ್ಸ್‌ಫೀಲ್ಡ್ ಪಟ್ಟಣದಿಂದ ಬೆರಿಲ್ ಓಲ್ಡ್‌ರಾಯ್ಡ್ ಬಂದಳು. ಆಯುಷ್ಯವೆಲ್ಲ ಲಾಂಡ್ರಿಯಲ್ಲಿ ಬೇರೆಯವರ ಹಾಸಿಗೆ ಬಟ್ಟೆ ಒಗೆದು ಕಾಲಿನ ಶಕ್ತಿ ಕಳೆದುಕೊಂಡವಳು. ಅವಳ ತಾಯಿ ಈ ಊರಿನವಳು, ಇಲ್ಲೇ ಮಣ್ಣಾದವಳು. ಸಮಾಧಿಗೆ ಕಲ್ಲು ನಿಲ್ಲಿಸುವ ಹೊತ್ತಿಗೆ ಬೆರಿಲ್‌ಳ ಕಾಲು ಪೂರ್ತಿ ಸೋತಿತ್ತು. ದುಡಿದ ದುಡ್ಡಿನಲ್ಲಿ ನಿಲ್ಲಿಸಿದ ಆ ಕಲ್ಲನ್ನು ಅವಳು ಕಣ್ಣಿಂದ ನೋಡಿಯೇ ಇರಲಿಲ್ಲ. ಇಂದು ತಾಯಿಯ ಹುಟ್ಟುಹಬ್ಬ. ಕಲ್ಲಿನ ಪಕ್ಕ ಕೂತು, ಫ್ಲಾಸ್ಕಿನಲ್ಲಿ ತಂದ ಒಂದು ಲೋಟ ಟೀ ಕುಡಿಯಬೇಕು, ಅಷ್ಟೇ ಅವಳ ಬೇಡಿಕೆ. ತಂಗಿಯ ಮಗಳು ಮಾರ್ನಿ ಕಾರಿನಲ್ಲಿ ಕರೆತಂದಿದ್ದಳು.

ಮಾರ್ನಿ ಅವಳ ಗಾಲಿಕುರ್ಚಿಯನ್ನು ಮನುಷ್ಯರ ಗೇಟಿನೊಳಗೆ ತಳ್ಳಿದಳು. ಸಿಕ್ಕಿಹಾಕಿಕೊಂಡಿತು. ಹಿಂದಕ್ಕೆಳೆದು ಓರೆಯಾಗಿ ತಳ್ಳಿದಳು. ಇನ್ನೂ ಚೆನ್ನಾಗಿ ಸಿಕ್ಕಿಹಾಕಿಕೊಂಡಿತು.

"ಬಿಡೇ ಮಾರಾಯ್ತಿ, ನಾನೇನು ಬಾಟ್ಲಿ ಬಿರಡೆಯಾ?" ಎಂದಳು ಬೆರಿಲ್.

ಎದುರು ಮನೆಯ ಫೆನ್ವಿಕ್, ಗ್ರಾಮ ಸಮಿತಿಯ ಅಧ್ಯಕ್ಷರು, ಗುಲಾಬಿಗೆ ನೀರು ಹಾಕುತ್ತಿದ್ದವರು ಬಂದು ವಿಚಾರಿಸಿದರು.

"ಆ ದೊಡ್ಡ ಗೇಟು ತೆಗೀರಿ ಸ್ವಾಮಿ, ಹೋಗ್ಬಿಡ್ತೀನಿ."

"ಅದು ಕುರಿಗಳದ್ದು, ಮೇಡಂ."

"ನಾ ಬಂದ್ರೆ ಅವು ಬೇಡ ಅಂತಾವಾ?"

"ಅವನ್ನ ಕೇಳಿಲ್ಲ. ಕೇಳೋ ಪದ್ಧತಿ ಇಲ್ಲ."

"ನಮ್ಮಮ್ಮ ಒಳಗಿದಾಳೆ. ಅವಳನ್ನ ಈ ಸಂದಿಯಲ್ಲಿ ಹೇಗೆ ತಂದ್ರಿ?"

"ಹೆಣಕ್ಕೆ ವಿನಾಯಿತಿ ಇದೆ. ಗೇಟಿನ ಮೇಲಿಂದ ಎತ್ತಿ ದಾಟಿಸ್ತೀವಿ."

"ನನ್ನೂ ಹಾಗೇ ಎತ್ತಿ."

"ಉಸಿರಾಡೋರನ್ನ ಎತ್ತಿದ್ರೆ ವಿಮೆಯವರು ಒಪ್ಪಲ್ಲ, ಮೇಡಂ."

"ಅಂದ್ರೆ ಸತ್ತರೆ ಬರಬಹುದು."

"ಧಾರಾಳವಾಗಿ," ಎಂದರು ಫೆನ್ವಿಕ್, ಬಹಳ ಸೌಜನ್ಯದಿಂದ. "ಸ್ವಲ್ಪ ಮುಂಚೆ ತಿಳಿಸಿದ್ರೆ ಸಾಕು."

ಬೆರಿಲ್ ಕುರ್ಚಿಯ ಬ್ರೇಕು ಹಾಕಿ, ತಾಯಿಯನ್ನು ನೋಡದೆ ಕದಲುವುದಿಲ್ಲ ಎಂದಳು. ಕುರ್ಚಿ ಗೇಟಿಗೆ ಅಡ್ಡವಾಗಿದ್ದರಿಂದ ಮನುಷ್ಯರ ಸಂಚಾರ ನಿಂತಿತು. ಆಗ ಮಾತ್ರ ವಿಷಯವು ತುರ್ತು ಎಂದು ತೀರ್ಮಾನವಾಗಿ ಸಮಿತಿಯ ಸಭೆ ಕರೆಯಲಾಯಿತು. ಸಭೆ ಎಂದಿನಂತೆ ಪಬ್ಬಿನ ಮಹಡಿಯಲ್ಲಿ ಸೇರಿತು. ಅಂಗವಿಕಲರ ಪ್ರವೇಶವೇ ಚರ್ಚೆಯ ವಿಷಯವಾದ್ದರಿಂದ ಬೆರಿಲ್‌ಳನ್ನೂ ಆಹ್ವಾನಿಸಲಾಗಿತ್ತು. ಮಹಡಿಗೆ ಕಡಿದಾದ ಮರದ ಮೆಟ್ಟಿಲು. ಬ್ರೇಕು ಬಿಟ್ಟು ಬಂದ ಅವಳು ಕೆಳಗೆ ಅಂಗಳದಲ್ಲಿ ಬಿಯರ್ ಪೀಪಾಯಿಗಳ ಪಕ್ಕ ಕೂತಳು. ಅವಳ ಅಭಿಪ್ರಾಯ ಬೇಕಾದಾಗ ಕಿಟಕಿ ತೆರೆಯುತ್ತಿದ್ದರು, ಬೇಡವಾದಾಗ ಮುಚ್ಚುತ್ತಿದ್ದರು. ಬಹುಪಾಲು ಮುಚ್ಚಿಯೇ ಇತ್ತು.

ಮನುಷ್ಯರ ಗೇಟನ್ನು ಅಗಲ ಮಾಡುವಂತಿಲ್ಲ, ಅದು ಪಾರಂಪರಿಕ ವಸ್ತು. ಕುರಿ ಗೇಟಿನ ನಿಯಮವನ್ನು ಬದಲಿಸುವಂತಿಲ್ಲ, ಅದಕ್ಕೆ ವಾರ್ಷಿಕ ಸಭೆಯೇ ಆಗಬೇಕು. ಸಮಾಧಿಯನ್ನೇ ರಸ್ತೆಯ ಹತ್ತಿರಕ್ಕೆ ತರಬಹುದೇ ಎಂದು ಒಬ್ಬರು ಕೇಳಿದ್ದನ್ನು ಪರಿಶೀಲನೆಗೆ ಇಡಲಾಯಿತು. ಕೊನೆಗೆ ಫೆನ್ವಿಕ್ ಒಂದು ಅಂಶವನ್ನು ಸಭೆಯ ಗಮನಕ್ಕೆ ತಂದರು. ಕುರಿ ಎಂದರೆ ಯಾರು ಎಂದು ನಿಯಮದಲ್ಲಿ ಎಲ್ಲಿಯೂ ಹೇಳಿಲ್ಲ. ಸಭೆಯು ಕೂಡಲೇ ಆ ಕೊರತೆಯನ್ನು ನೀಗಿಸಿತು. ಕಿವಿಯಲ್ಲಿ ಗುರುತಿನ ಹಳದಿ ಬಿಲ್ಲೆ ಇದ್ದು, ಕುರಿಗಾಹಿಯ ಉಸ್ತುವಾರಿಯಲ್ಲಿರುವ ಯಾವುದೇ ಜೀವಿ ಕುರಿ.

ಕಿಟಕಿ ತೆರೆಯಿತು.

"ಮೇಡಂ, ನಿಮಗೇನಾದ್ರೂ ಆಕ್ಷೇಪಣೆ?"

"ಅಮ್ಮನ್ನ ನೋಡಬಹುದಾ?"

"ಕುರಿಗಳು ಎಲ್ಲಿ ಬೇಕಾದ್ರೂ ಓಡಾಡಬಹುದು."

"ಹಾಗಾದ್ರೆ ಬ್ಯಾ," ಎಂದಳು ಬೆರಿಲ್.

ಮಾರ್ನಿಯ ಮುಖ ಕೆಂಪಾಯಿತು. "ದೊಡ್ಡಮ್ಮಾ, ಮನುಷ್ಯರಾಗಿ ಹುಟ್ಟಿ ಇದಕ್ಕೆ ಒಪ್ಪೋದಾ? ಪೇಪರಿನವರಿಗೆ ಹೇಳೋಣ. ಕೋರ್ಟಿಗೆ ಹೋಗೋಣ."

"ಕೋರ್ಟಿಗೂ ಮೆಟ್ಟಿಲಿದೆ ಕಣೇ. ನನ್ನ ಟೀ ಆರ್ತಾ ಇದೆ."

ಕುರಿ ಕಾಯುವ ಆಲ್ಫ್ ಡಿನ್ಸ್‌ಡೇಲ್ ಬಂದ. ಅವಳ ಓಲೆ ತೆಗೆಸಿ, ಅದೇ ತೂತಿನಲ್ಲಿ ಹಳದಿ ಬಿಲ್ಲೆ ಸಿಕ್ಕಿಸಿದ.

"ನೋವಾಯ್ತಾ ಅಕ್ಕಾ?"

"ಇಲ್ಲಪ್ಪ. ನನ್ನ ಗಂಡ ಕೊಟ್ಟಿದ್ದಕ್ಕಿಂತ ಇದೇ ದೊಡ್ಡದು."

ಹೊಸ ಕುರಿಯನ್ನು ಹಿಂಡಿಗೆ ಸೇರಿಸುವ ಮೊದಲು ಗೊರಸು ನೋಡುವುದು ಕಡ್ಡಾಯ. ಅದೃಷ್ಟಕ್ಕೆ ಅಂದೇ ಪಶುವೈದ್ಯೆ ಬಂದಿದ್ದಳು. ಬೆರಿಲ್‌ಳ ಕಾಲುಚೀಲ ಬಿಚ್ಚಿ, ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ನೋಡಿದಳು. ಉಗುರು ಕತ್ತರಿಸಿ, ಹುಣ್ಣಿಗೆ ಔಷಧಿ ಹಚ್ಚಿ, ಇನ್ನು ಮುಂದೆ ತಪ್ಪದೆ ಬಂದು ನೋಡುವುದಾಗಿ ಹೇಳಿದಳು. ಅದೇ ಪಾದವನ್ನು ತೋರಿಸಲು ಬೆರಿಲ್ ಹಿಂದಿನ ಚಳಿಗಾಲದಿಂದ ಆಸ್ಪತ್ರೆಯ ಸರದಿಯಲ್ಲಿದ್ದಳು. ಸರದಿ ಇನ್ನೂ ಬಂದಿರಲಿಲ್ಲ. ಬರುವ ಅಂದಾಜೂ ಇರಲಿಲ್ಲ.

ಕುರಿ ಗೇಟು ತೆರೆಯಿತು. ಜಲ್ಲಿಯ ಮೇಲೆ ಗಾಲಿ ಸರಾಗವಾಗಿ ಉರುಳಿತು. ಮುಂದೆ ಕುರಿಗಳು, ನಡುವೆ ಬೆರಿಲ್, ಹಿಂದೆ ಆಲ್ಫ್‌ನ ನಾಯಿ. ಮಾರ್ನಿಗೆ ಬಿಲ್ಲೆ ಇಲ್ಲದ ಕಾರಣ ಅವಳು ಮನುಷ್ಯರ ಗೇಟಿನಲ್ಲಿ ಹೊಟ್ಟೆ ಎಳೆದುಕೊಂಡು ಬಂದಳು.

ಯೂ ಎಂಬ ನಿತ್ಯಹಸಿರು ಮರದ ಕೆಳಗೆ ತಾಯಿಯ ಕಲ್ಲಿತ್ತು. ಮುದಿ ಟಗರೊಂದು ಅದಕ್ಕೆ ಬೆನ್ನು ತಿಕ್ಕುತ್ತಿತ್ತು. ಬೆರಿಲ್ ಅದನ್ನು ಸರಿಸಿ, ಬಾಗಿ, ತಾಯಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಬೆರಳಿನಿಂದ ಸವರಿದಳು. ಕೊಟ್ಟ ದುಡ್ಡಿಗೆ ಕಲ್ಲಿನವನು ಮೋಸ ಮಾಡಿರಲಿಲ್ಲ.

"ಬಂದೆ ಕಣಮ್ಮಾ," ಎಂದಳು. "ಹೇಗೆ ಬಂದೆ ಅಂತ ಮಾತ್ರ ಕೇಳ್ಬೇಡ."

ಟೀ ಮುಗಿಯುವ ಹೊತ್ತಿಗೆ ಫೆನ್ವಿಕ್ ಬೇಲಿಯ ಆಚೆ ಬಂದು ನಿಂತರು. "ನೋಡಿದ್ದಾಯ್ತಲ್ಲ ಮೇಡಂ, ಬಿಲ್ಲೆ ವಾಪಸ್ ಕೊಡಿ. ಮತ್ತೆ ಮನುಷ್ಯರಾಗಬಹುದು."

ಬೆರಿಲ್ ಕಿವಿಯ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡಳು. ಕುರಿಗಳನ್ನು ಸಾಗಿಸುವ ವ್ಯಾನಿಗೆ ಇಳಿಜಾರು ಹಲಗೆ ಇತ್ತು. ಅವಳ ಊರಿನ ಬಸ್ಸಿಗೆ ಅಂಥ ಹಲಗೆ ಕೇಳಿ ಕೇಳಿ ಅವಳ ಗಂಟಲು ಒಣಗಿತ್ತು. ಕುರಿ ಕೊಟ್ಟಿಗೆಗೆ ಹೊಸಿಲಿರಲಿಲ್ಲ. ಅವಳ ಮನೆಗೆ ಇತ್ತು. ಕುರಿಯ ಕಾಲು ಕುಂಟಿದರೆ ಸಂಜೆಯೊಳಗೆ ವೈದ್ಯರು ಬರುತ್ತಿದ್ದರು.

"ಆಗಲ್ಲ ಸ್ವಾಮಿ," ಎಂದಳು. "ಮನುಷ್ಯಳಾಗಿ ಇದ್ದು ನೋಡಾಯ್ತು. ಬಹಳ ವರ್ಷ ನೋಡಿದೆ."

ಫೆನ್ವಿಕ್ ಅನುದಾನದ ಬಾಬ್ತಿನಲ್ಲಿ ಒಂದು ತಲೆ ಹೆಚ್ಚಾಗುವುದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಅವಳ ಭಾವನೆಗಳನ್ನು ಸಮಿತಿಯು ಗೌರವಿಸುತ್ತದೆ ಎಂದರು.

ಬೆರಿಲ್ ಹಿಂಡಿನ ಜೊತೆ ಕೊಟ್ಟಿಗೆಯಲ್ಲೇ ಉಳಿದ ಸುದ್ದಿ ಊರಲ್ಲಿ ಹಬ್ಬಿತು. ಮರುವಾರ ಅಂಚೆ ಕಚೇರಿಯ ಮಂಡಿನೋವಿನ ಅಜ್ಜಿ ಬಿಲ್ಲೆ ಹಾಕಿಸಿಕೊಂಡಳು. ಆಮೇಲೆ ಚರ್ಚಿನಲ್ಲಿ ಆರ್ಗನ್ ನುಡಿಸುವ ಮುದುಕ ಬಂದ. ಆಮೇಲೆ ಕೋಲು ಹಿಡಿದವರು, ಸೊಂಟ ಬದಲಿಸಿಕೊಂಡವರು, ಬದಲಿಸಲು ಕಾಯುತ್ತಿದ್ದವರು, ಎಲ್ಲರೂ ಸಾಲಾಗಿ ಬಂದರು. ಆಲ್ಫ್‌ನ ಬಿಲ್ಲೆ ಮುಗಿದು ಪಕ್ಕದ ಕಣಿವೆಯಿಂದ ಸಾಲ ತಂದ. ಮಾರ್ನಿಯೂ ಬಯ್ಯುವುದನ್ನು ಬಿಟ್ಟು, ದೊಡ್ಡಮ್ಮನನ್ನು ನೋಡಲು ಬರುವಾಗ ಎಲ್ಲರಿಗೂ ಶುಂಠಿ ಬಿಸ್ಕತ್ತು ತರತೊಡಗಿದಳು. ಚರ್ಚಿನ ಫಲಕದಲ್ಲಿ ಪ್ರಕಟಣೆ ಅಂಟಿಸಲಾಯಿತು:

"ಸ್ಕಾರ್‌ತ್ವೇಟ್ ಗ್ರಾಮದಲ್ಲಿ ಈಗ ನಡೆಯಲಾಗದ ಮನುಷ್ಯರು ಯಾರೂ ಇಲ್ಲವೆಂದು ತಿಳಿಸಲು ಸಂತೋಷಪಡುತ್ತೇವೆ. ಅವರ ಅನುಕೂಲಕ್ಕಾಗಿ ತೆಗೆದಿರಿಸಿದ್ದ ಹಣವನ್ನು ಕುರಿ ಗೇಟಿಗೆ ಬಣ್ಣ ಬಳಿಯಲು ಬಳಸಲಾಗುವುದು."

ಬಣ್ಣ ಒಣಗಿದ ದಿನ ಫೆನ್ವಿಕ್ ಕುಂಟುತ್ತ ಬಂದರು. ಗುಲಾಬಿಗೆ ನೀರು ಹಾಕುವಾಗ ಜಾರಿ ಬಿದ್ದಿದ್ದರಂತೆ. ಎರಡು ಊರುಗೋಲುಗಳ ನಡುವೆ ಅವರು ಮನುಷ್ಯರ ಗೇಟನ್ನು ನೋಡಿದರು, ಕುರಿ ಗೇಟನ್ನು ನೋಡಿದರು. ಆಮೇಲೆ ಟೋಪಿ ತೆಗೆದು ಆಲ್ಫ್‌ನ ಮುಂದೆ ತಲೆ ಬಗ್ಗಿಸಿದರು.

"ಎಡಗಿವಿಗೇ ಹಾಕಪ್ಪಾ," ಎಂದರು. "ಬಲಗಿವೀಲಿ ಕೇಳೋ ಮಿಷನ್ ಇದೆ."

"ಬೇಗ ಬನ್ನಿ ಫೆನ್ವಿಕ್ಕರೇ," ಎಂದು ಒಳಗಿನಿಂದ ಬೆರಿಲ್ ಕೂಗಿದಳು. "ಹಿಂಡು ಹೊರಡೋ ಹೊತ್ತಾಯ್ತು, ನಾಯಿ ಸುಮ್ನೆ ಬಿಡಲ್ಲ."