ಮಹಾಬಲನ ಗೋಡೆ

ಮಹಾಬಲ ಹೇಳಿದ ಸುಳ್ಳು ಬಹಳ ಸಣ್ಣದು. ಅಡುಗೆಮನೆಗೂ ಹಿಂದಿನ ಗಾಜಿನ ಸನ್‌ರೂಮಿಗೂ ನಡುವಿದ್ದ ಗೋಡೆ ಒಡೆದು ಎರಡನ್ನೂ ಒಂದು ಮಾಡಬೇಕೆಂದು ಅವನ ಹೆಂಡತಿ ತಾರಿಣಿಗೆ ಆಸೆ. ಅದಕ್ಕೆ ಟೌನ್‌ಶಿಪ್ ಆಫೀಸಿನ ಪರ್ಮಿಟ್ ಬೇಕು. ತರಲು ಹೋದ ಮಹಾಬಲ ಅಲ್ಲಿನ ಕ್ಯೂ ನೋಡಿ ಕಾರು ತಿರುಗಿಸಿದ. ಇಂಡಿಯನ್ ಅಂಗಡಿಗಳಿರುವ ಐಸೆಲಿನ್ ಪೇಟೆಯಲ್ಲಿ ಹೊಟ್ಟೆ ತುಂಬ ಚಾಟ್ ತಿಂದು ಮನೆಗೆ ಬಂದು, “ಪರ್ಮಿಟ್ ಆಯ್ತು” ಎಂದುಬಿಟ್ಟ. ತಾರಿಣಿ ಅವನ ಅಂಗಿಯ ಮೇಲಿದ್ದ ಚಟ್ನಿ ನೋಡಿ, “ಒಳ್ಳೇದಾಯ್ತು” ಎಂದಳು.

ಆಳುಗಳು ಬಂದರು, ಗೋಡೆ ಬಿತ್ತು. ಮಹಾಬಲ ಚಳಿಗಾಲದ ಎಳೆಬಿಸಿಲಲ್ಲಿ ಕೂತು, ಸೂರ್ಯನನ್ನು ತಾನೇ ಕರೆಸಿದವನ ಹಾಗೆ ಕಾಫಿ ಕುಡಿದ.

ಸೋಮವಾರ ತಾರಿಣಿ ಮ್ಯಾನ್‌ಹಟನ್ನಿನ ಕೆಲಸಕ್ಕೆ ಟ್ರೈನ್ ಹಿಡಿದ ಮೇಲೆ ಫೋನು ಬಂತು. ಟೌನ್‌ಶಿಪ್ಪಿನ ಇನ್ಸ್‌ಪೆಕ್ಟರ್. ಮಧ್ಯಾಹ್ನ ಅಡುಗೆಮನೆ ನೋಡಲು ಬರುತ್ತಾನಂತೆ. ದಂಡವಾದರೆ ಕಟ್ಟಬಹುದು, ಸುಳ್ಳು ಹೇಳಿದ್ದು ತಾರಿಣಿಗೆ ಗೊತ್ತಾದರೆ?

ಚಪ್ಪಲಿಯಲ್ಲೇ ಹಿಮ ತುಳಿದು ಪಕ್ಕದ ಮನೆಗೆ ಓಡಿದ. ಬಾಗಿಲು ತೆಗೆದವಳು ಬೇಬಿಯಕ್ಕ.

“ಎಂತ ಮಾರಾಯ, ಮೋರೆ ತಣ್ಣಗಾದ ನೀರುದೋಸೆಯ ಹಾಗೆ ಆಗಿದೆ?”

“ಇನ್ಸ್‌ಪೆಕ್ಟರ್ ಬರ್ತಾನೆ ಅಕ್ಕ. ನಾನು ಪರ್ಮಿಟ್ಟೇ ತಗೊಂಡಿಲ್ಲ.”

“ತಗೊಳ್ಳದೆ ಒಡೆದದ್ದಾ! ಮೇಲಿನ ತೊಲೆ, ಕರೆಂಟು, ಚಳಿ ಒಳಗೆ ಬರುದು, ಎಲ್ಲ ಚೆಕ್ ಮಾಡ್ತಾರೆ ಅವರು. ಏನೂಂದ್ರೆ, ಬನ್ನಿ ಇಲ್ಲಿ!”

ಅವಳ ಗಂಡ ಗಣಪತಿ ಮೋಟೆಲ್ ನಡೆಸುವವನು. ತಲೆ ಕೆರೆದುಕೊಂಡು ಹೇಳಿದ: “ಗೋಡೆ ತೆಗೆದದ್ದು ತಾನೇ ತಪ್ಪು? ವಾಪಸ್ ಹಾಕುವ. ಇಲ್ಲಿ ಗೋಡೆಗೆ ಹೊಡೆಯುವ ಡ್ರೈವಾಲ್ ಹಲಗೆ ನನ್ನ ಗರಾಜಲ್ಲೇ ಉಂಟು.”

ಹಲಗೆ ಹೊತ್ತು ಮೂವರೂ ಮಹಾಬಲನ ಅಡುಗೆಮನೆಗೆ ಬಂದರು, ಕೆಲಸ ಶುರುವಾಯಿತು. ಮಹಾಬಲ ಹಲಗೆ ಹಿಡಿದ, ಗಣಪತಿ ಡ್ರಿಲ್ ಒತ್ತಿದ, ಬೇಬಿಯಕ್ಕ ಅಪ್ಪಣೆ ಕೊಟ್ಟಳು.

“ಎಡಕ್ಕೆ! ಅಯ್ಯೋ, ಎಡಕ್ಕೆ ಅಂದ್ರೆ ನನ್ನ ಎಡಕ್ಕೆ!”

ಗೋಡೆ ಎದ್ದಿತು. ಮದುವೆಯೂಟ ಮುಗಿಸಿದ ಬೀಗರಂತೆ ಸ್ವಲ್ಪ ಹಿಂದಕ್ಕೆ ವಾಲಿತ್ತು, ಅಷ್ಟೇ. ಬಣ್ಣ ಬಳಿದು, ತಾರಿಣಿಯ ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಮೇಲೊಂದು ಲಕ್ಷ್ಮಿಯ ಕ್ಯಾಲೆಂಡರ್ ನೇತುಹಾಕಿದರು. ಅಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆಯಿತು.

“ಅಕ್ಕ ಎಲ್ಲಿ?” ಎಂದ ಮಹಾಬಲ.

ಗೋಡೆಯ ಹಿಂದಿನಿಂದ ದನಿ ಬಂತು. “ನಾನು ಈಚೆ ಬಾಕಿ ಆದೆ ಮಾರಾಯ! ಹಿಂದಿನ ಬಾಗಿಲು ಹಿಮ ಬಿದ್ದು ಕಚ್ಚಿಕೊಂಡಿದೆ!”

“ಉಸಿರೆತ್ತಬೇಡ!” ಎಂದ ಗಣಪತಿ. ಹೆಂಡತಿಗೆ ಈ ಮಾತು ಹೇಳುವ ಯೋಗ ಅವನಿಗೆ ಇದೇ ಮೊದಲು.

ಇನ್ಸ್‌ಪೆಕ್ಟರ್ ಬಾಗಿಲಗಲದ ಆಳು. ಅಡುಗೆಮನೆಯಲ್ಲಿ ಸುತ್ತಲೂ ನೋಡಿ, ಗೋಡೆಯ ಮುಂದೆ ನಿಂತು ಕೈಬೆರಳಿಂದ ಕುಟ್ಟಿದ. ಗೋಡೆಯೂ ತಿರುಗಿ ಕುಟ್ಟಿತು.

“ಓಲ್ಡ್ ಹೌಸ್ ಸರ್. ಪೈಪು,” ಎಂದ ಮಹಾಬಲ.

ಗೋಡೆ ಸೀನಿತು.

“ಪೈಪಿಗೂ ಕೋಲ್ಡ್ ಸರ್,” ಎಂದ ಗಣಪತಿ.

ಇನ್ಸ್‌ಪೆಕ್ಟರ್ ತನ್ನ ಬೆರಳಿಗಂಟಿದ ಹಸಿ ಬಣ್ಣ ನೋಡಿಕೊಂಡ. “ನನಗೆ ಅರ್ಥವಾಗುತ್ತಿಲ್ಲ. ಗೋಡೆ ತೆಗೆಯುವುದಕ್ಕೆ ನಿಮ್ಮ ಹೆಂಡತಿ ಆಗಲೇ ಬಂದು ಪರ್ಮಿಟ್ ತಗೊಂಡಿದ್ದಾರೆ. ನಿಮ್ಮ ಫೋನ್ ನಂಬರ್ ಕೊಟ್ಟವರೂ ಅವರೇ. ತೆಗೆದದ್ದು ಸರಿಯಾಗಿದೆಯೇ ಎಂದು ನೋಡಲು ನಾನು ಬಂದದ್ದು. ಈ ಗೋಡೆಗೆ ಯಾರು ಪರ್ಮಿಷನ್ ಕೊಟ್ಟರು?”

ಮಹಾಬಲ ಲಕ್ಷ್ಮಿಯ ಕ್ಯಾಲೆಂಡರನ್ನು ನೇರ ಮಾಡಿದ.

ಇನ್ಸ್‌ಪೆಕ್ಟರ್ ಲಕ್ಷ್ಮಿಯ ಪಕ್ಕದಲ್ಲೇ ಒಂದು ಕೆಂಪು ಚೀಟಿ ಅಂಟಿಸಿದ. ಕಟ್ಟಿದ್ದಕ್ಕೆ ದಂಡ, ಕೆಡವಲು ಹೊಸ ಪರ್ಮಿಟ್, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಹೊರಡುವಾಗ, “ವಿಚಿತ್ರ! ಗಂಡ ಮನೆಯಲ್ಲಿರುತ್ತಾರೆ, ಆದರೆ ಯಾವುದಕ್ಕೂ ಕೈ ಹಾಕುವವರಲ್ಲ ಎಂದು ಅವರು ಹೇಳಿದ್ದರು,” ಎಂದ.

ಬೇಬಿಯಕ್ಕನನ್ನು ಸನ್‌ರೂಮಿನ ಕಿಟಕಿಯಿಂದ ಏಣಿ ಹಾಕಿ ಇಳಿಸಿದರು. ಗಣಪತಿಗೆ ಅವಳು ಏನೆಂದಳೋ, ಅವರ ಮನೆಯ ಬಾಗಿಲು ಮುಚ್ಚಿತ್ತು.

ಸಂಜೆ ತಾರಿಣಿ ಬಂದಳು. ಕೋಟು ಕೂಡ ಬಿಚ್ಚದೆ ಗೋಡೆ ನೋಡಿದಳು, ಕೆಂಪು ಚೀಟಿ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

“ಪರ್ಮಿಟ್ ಆಯ್ತು ಅಂದಿದ್ರಲ್ಲ. ನಿಮ್ಮ ಮಾತು ಸುಳ್ಳಾಗೋದು ಬೇಡ ಅಂತ ಮರುದಿನ ನಾನೇ ಹೋಗಿ ತಂದೆ.”

ತಾರಿಣಿ ಅಂಗೈಯಿಂದ ಗೋಡೆಯನ್ನೊಮ್ಮೆ ನೂಕಿದಳು. ಅದು ಅಲುಗಲಿಲ್ಲ.

“ಮದುವೆಯಾದಾಗಿನಿಂದ ನೀವು ಹಿಡಿದು ಮುಗಿಸಿದ ಕೆಲಸ ಇದೊಂದೇ ಕಣ್ರೀ,” ಎಂದಳು. “ಇದನ್ನೂ ಕೆಡವಿಸಬೇಕಲ್ಲ!”